ಜನವರಿ 26ಕ್ಕ ಶಾಲಿ ಗ್ರೌಂಡಿನಾಗ 1924ರ ಶಮೊನಿ ಆಡಿಸೂದು ಹೆಂಗ, ಇಬ್ಬರೇ ಇದ್ದ ಲಾಟ್ವಿಯಾ ಟೀಮ್ ಸಮೇತ

ಜನವರಿ 26 ಬಂತಂದ್ರ ನಮ್ಮ ಕೊಪ್ಪಳ ಕಡಿ ಶಾಲಿಗಳಾಗ ಏನ್ ನಡೀತೈತಿ ಅಂತ ನಿಮಗ ಗೊತ್ತೈತಿ, ಗ್ರೌಂಡಿಗೆ ಸುಣ್ಣ ಹಾಕಿ ಗೆರಿ ಹೊಡೀತೀವಿ, ಕವಾಯತು ಮಾಡಸ್ತೀವಿ, ಧ್ವಜ ಹಾರಸ್ತೀವಿ, ಭಾಷಣ, ಡ್ಯಾನ್ಸು, ಬೂಂದಿ ಲಾಡು, ಹನ್ನೊಂದಕ್ಕ ಎಲ್ಲಾರೂ ಮನಿಗೆ. ಹಾಕಿದ ಗೆರಿ ಮಾತ್ರ ಹಂಗ ಉಳದಿರತಾವ. ಆ ಗೆರಿ ಮ್ಯಾಲ ನಾನು ಮೂರು ವರ್ಷದಿಂದ ಒಂದು ಆಟ ಆಡಸಾಕತ್ತೀನಿ, 1924ರ ವಿಂಟರ್ ಒಲಿಂಪಿಕ್ಸಿನ ಐಸ್ ಸ್ಕೇಟಿಂಗ್ ಓಟಗಳನ್ನ ಹುಡ್ರು ನೆಲದ ಮ್ಯಾಲ ಓಡೂದು, ಬ್ಯಾರೆ ಶಾಲಿ ಪಿಟಿ ಸರ್‌ಗಳು ಕೇಳಿದ್ರು, ಮ್ಯಾಥ್ಸ್ ಮೇಡಂಗಳೂ ಕೇಳಿದ್ರು, ಅದಕ್ಕ ಪೂರ್ತಿ ಬರದು ಇಡಾಕತ್ತೀನಿ.

ತಾರೀಕಿನಿಂದ ಶುರು ಮಾಡ್ತೀನಿ, ಯಾಕಂದ್ರ ಹುಡ್ರಿಗೆ ಮೊದ್ಲ ಹಿಡಿಸೂದು ಅದು. 1924ರ ಜನವರಿ 26, ನಮ್ಮ ದೇಶ ಗಣರಾಜ್ಯ ಆಗೂಕಿಂತ ಬರೋಬ್ಬರಿ 26 ವರ್ಷ ಮೊದ್ಲ, ಫ್ರಾನ್ಸಿನ ಆಲ್ಪ್ಸ್ ಗುಡ್ಡದಾಗಿನ ಶಮೊನಿ ಅನ್ನೂ ಊರಾಗ ಮೊದಲ್ನೇ ವಿಂಟರ್ ಒಲಿಂಪಿಕ್ಸಿನ ಮೊದಲ್ನೇ ಗೋಲ್ಡ್ ಮೆಡಲ್ ತೀರ್ಮಾನ ಆತು. 500 ಮೀಟರ್ ಸ್ಪೀಡ್ ಸ್ಕೇಟಿಂಗ್, ಅಂದ್ರ ಬ್ಲೇಡ್ ಇದ್ದ ಬೂಟು ಹಾಕ್ಕೊಂಡು ಐಸಿನ ಮ್ಯಾಲ ಓಡೂ ರೇಸು, ಗೆದ್ದಾವ ಅಮೆರಿಕದ ಚಾರ್ಲ್ಸ್ ಜೂಟ್ರಾ, 44.0 ಸೆಕೆಂಡ್. ಹಿಂದಿನ ದಿನ 25ಕ್ಕ ಉದ್ಘಾಟನೆ ಆಗಿತ್ತು. ಇನ್ನೊಂದು ಮಾತು, ಅವತ್ತು ಅಲ್ಲಿ ಇದ್ದವರಿಗೆ ನಾವು ವಿಂಟರ್ ಒಲಿಂಪಿಕ್ಸಿನಾಗ ಅದೀವಿ ಅಂತ ಗೊತ್ತಿರಲಿಲ್ಲ, ಅದಕ್ಕ ಇಟ್ಟಿದ್ದ ಹೆಸರು ಚಳಿಗಾಲದ ಆಟಗಳ ಅಂತರರಾಷ್ಟ್ರೀಯ ವಾರ ಅಂತ, ಆಮ್ಯಾಲ ಒಲಿಂಪಿಕ್ ಸಮಿತಿ ಇದೇ ಮೊದಲ್ನೇದು ಅಂತ ಒಪ್ಪಿಕೊಂತು. 16 ದೇಶ ಸ್ಪರ್ಧೆ ಮಾಡಿದ್ವು. ಅದರಾಗ ಲಾಟ್ವಿಯಾದಿಂದ ಬಂದವರು ಇಬ್ಬರೇ. ನಮ್ಮ ಆಟ ಆ ಇಬ್ಬರ ಸುತ್ತ ತಿರುಗತೈತಿ.

ಲಾಟ್ವಿಯಾ ಎಲ್ಲೈತಿ ಅಂತ ಗೋಡೆ ಮ್ಯಾಲಿನ ಜಗತ್ತಿನ ನಕಾಶಿ ಮುಂದ ಹುಡ್ರನ್ನ ನಿಂದ್ರಿಸಿ ಹುಡುಕಸ್ರಿ, ನೀವು ತೋರಸಬ್ಯಾಡ್ರಿ. ಬಾಲ್ಟಿಕ್ ಸಮುದ್ರದ ದಂಡಿಗೆ, ಮ್ಯಾಲ ಎಸ್ಟೋನಿಯಾ, ಕೆಳಗ ಲಿಥುವೇನಿಯಾ, ನಡುವ ಇದು. 1918ರ ನವೆಂಬರ್ 18ಕ್ಕ ಸ್ವಾತಂತ್ರ್ಯ ಘೋಷಣೆ ಮಾಡಿದ ದೇಶ, ಅಂದ್ರ ಶಮೊನಿಗೆ ಬಂದಾಗ ಆರು ವರ್ಷನೂ ತುಂಬಿರಲಿಲ್ಲ. ಜನಸಂಖ್ಯೆ ಆವಾಗ 20 ಲಕ್ಷಕ್ಕಿಂತ ಕಡಿಮಿ. ಹುಡ್ರಿಗೆ ಹೋಲಿಸಿ ಹೇಳ್ರಿ, 2011ರ ಜನಗಣತಿ ಪ್ರಕಾರ ನಮ್ಮ ಕೊಪ್ಪಳ ಜಿಲ್ಲೆದಾಗ ಸುಮಾರು 13.9 ಲಕ್ಷ ಜನ, ವಿಜಯನಗರ ಬ್ಯಾರೆ ಆಗೂಕಿಂತ ಮೊದಲಿನ ಬಳ್ಳಾರಿ ಜಿಲ್ಲೆದಾಗ 24 ಲಕ್ಷದ ಮ್ಯಾಲ. ಬಳ್ಳಾರಿಗಿಂತ ಸಣ್ಣ ದೇಶ ಸರ್ ಅಂತ ಒಬ್ಬಾವ ಕೂಗಿದ್ನಂದ್ರ ನಿಮ್ಮ ಅರ್ಧ ಕೆಲಸ ಮುಗೀತು.

ಗ್ರೌಂಡಿಗೆ ಇಳಿಯೂಕಿಂತ ಮೊದ್ಲ ಒಂದು ಪೀರಿಯಡ್ ಐಸಿಗೆ ಕೊಡ್ರಿ. ನಮ್ಮ ಹುಡ್ರು ಐಸ್ ನೋಡಿರೂದು ಐಸ್ ಕ್ಯಾಂಡಿ, ಗೋಲಾ, ಮದುವಿ ಮನಿ ಶರಬತ್ತಿನ ಡ್ರಮ್ಮಿನಾಗ ಅಷ್ಟ. ಅದರ ಮ್ಯಾಲ ಮನುಷ್ಯಾರು ಓಡ್ತಾರ ಅಂದ್ರ ಜಾರಿ ಬೀಳೂದಿಲ್ಲೇನ್ರಿ ಅಂತ ಕೇಳೇ ಕೇಳ್ತಾವ. ಐಸ್ ಫ್ಯಾಕ್ಟರಿಯಿಂದ ಒಂದು ದೊಡ್ಡ ಐಸ್ ಗಡ್ಡಿ ತರ್ಸಿ ಗೋಣಿಚೀಲದಾಗ ಸುತ್ತಿ ಇಟ್ಕೋರಿ, ಒಂದು ಸ್ಟೀಲ್ ಸ್ಕೇಲ್ ತಗೊಂಡು ಅದರ ಅಂಚು ಐಸಿಗೆ ತಾಗೂಹಂಗ ನಿಂದ್ರಿಸಿ ಉದ್ದಕ್ಕ ನೂಕಾಕ ಹೇಳ್ರಿ, ಸರ್ರಂತ ಹೋಗತೈತಿ. ಈಗ ಅದೇ ಸ್ಕೇಲನ್ನ ಅಡ್ಡ ನೂಕಾಕ ಹೇಳ್ರಿ, ಅಂಚು ಐಸಿನಾಗ ಕಚ್ಚಿಕೊಂಡು ನಿಲ್ಲತೈತಿ. ಸ್ಕೇಟಿಂಗ್ ಅಂದ್ರ ಇಷ್ಟ, ಬೂಟಿನ ಕೆಳಗಿನ ಬ್ಲೇಡು ಉದ್ದಕ್ಕ ಜಾರತೈತಿ, ಅಡ್ಡಕ್ಕ ಕಚ್ಚತೈತಿ, ಅದಕ್ಕ ಸ್ಕೇಟರ್ ನಮ್ಮಂಗ ಹಿಂದಕ್ಕ ಒದ್ದು ಓಡೂದಿಲ್ಲ, ಪಕ್ಕಕ್ಕ ಒದ್ದು ಮುಂದ ಹೋಗ್ತಾನ. ಇದನ್ನ ಕೈಯಾಗ ಹಿಡಿದು ಮಾಡಿದ ಹುಡುಗ ಮುಂದ ಟಿವಿದಾಗ ಸ್ಕೇಟಿಂಗ್ ನೋಡಿದ್ರ ಕಾಲು ಯಾಕ ಹಂಗ ಅಗಲ ಹೋಗ್ತಾವ ಅಂತ ಕೇಳೂದಿಲ್ಲ, ಪಕ್ಕದಾಗ ಕುಂತಾವಗೆ ಹೇಳ್ತಾನ.

ಈಗ ಟ್ರ್ಯಾಕ್. ಶಮೊನಿದಾಗ ಇದ್ದದ್ದು 400 ಮೀಟರ್ ಸುತ್ತಿನ ಐಸು, ನಮ್ಮ ಹಳ್ಳಿ ಶಾಲಿದಾಗ ಅಷ್ಟು ಜಾಗ ಸಿಗೂದಿಲ್ಲ, 200 ಮೀಟರ್ ಸಾಕು. ಎರಡು ಸೀದಾ ಭಾಗ 50 ಮೀಟರಿನವು, ಎರಡು ತಿರುವು 50 ಮೀಟರಿನವು. ತಿರುವಿಗೆ ಹಗ್ಗದ ಉದ್ದ 50ನ್ನ 3.14ಕ್ಕ ಭಾಗ ಮಾಡಿದ್ರ 15.92 ಮೀಟರ್ ಬರತೈತಿ, ಗೂಟ ಹೊಡದು ಹಗ್ಗ ಕಟ್ಟಿ ಅರ್ಧ ಸುತ್ತು ಹೋಗ್ರಿ, ಇದು ಒಳಗಿನ ಗೆರಿ. 2 ಮೀಟರ್ ಬಿಟ್ಟು ಇನ್ನೊಂದು, ಮತ್ತ 2 ಮೀಟರ್ ಬಿಟ್ಟು ಇನ್ನೊಂದು, ಎರಡು ಪಟ್ಟಿ ಆದ್ವು. ಇಷ್ಟಕ್ಕ 90 ಮೀಟರ್ ಉದ್ದ 40 ಮೀಟರ್ ಅಗಲ ಜಾಗ ಇದ್ರ ಆತು. ಎರಿ ನೆಲ ಇದ್ರ ಬಿರುಕು ನೋಡ್ಕೋರಿ, ಜನವರಿದಾಗ ಇನ್ನೂ ಪೂರ್ತಿ ಬಿಟ್ಟಿರೂದಿಲ್ಲ ಆದ್ರೂ ಕಾಲು ಸಿಗಬೀಳೂವಂಥವು ಇರತಾವ, ಗರಸು ತುಂಬಿ ನೀರು ಹೊಡದು ಬಡೀರಿ. ಮಸಾರಿ ನೆಲದವರು ಪುಣ್ಯವಂತ್ರು, ಹಳ್ಳು ಆರಿಸಿದ್ರ ಮುಗೀತು.

ಎರಡೇ ಪಟ್ಟಿ ಯಾಕ ಅಂದ್ರ ಶಮೊನಿದಾಗ ಒಂದು ಸಲಕ್ಕ ಇಬ್ಬರೇ ಓಡ್ತಿದ್ರು. ಮುಂದಿದ್ದಾವನ್ನ ಹಿಂದ ಹಾಕೂದು ಮುಖ್ಯ ಅಲ್ಲ, ಗಡಿಯಾರ ಮುಖ್ಯ, ಎಲ್ಲಾ ಜೋಡಿ ಓಡಿದ ಮ್ಯಾಲ ಟೈಮ್ ನೋಡಿ ನಂಬರ್ ಕೊಡೂದು. ಮತ್ತ ಪ್ರತಿ ಸುತ್ತಿಗೂ ಹಿಂದಿನ ಸೀದಾ ಭಾಗದಾಗ ಇಬ್ಬರೂ ಪಟ್ಟಿ ಬದಲಿ ಮಾಡಬೇಕು, ಒಳಗಿನಾವ ಹೊರಗ, ಹೊರಗಿನಾವ ಒಳಗ. ಆ 50 ಮೀಟರಿನಾಗ ನಡುವಿನ ಗೆರಿ ಅಳಿಸಿಬಿಡ್ರಿ. ಡಿಕ್ಕಿ ಆಗೂ ಹಂಗ ಇದ್ರ ಹೊರಗಿನಿಂದ ಒಳಗ ಬರಾವಗೆ ದಾರಿ ಬಿಡಬೇಕು, ಈ ರೂಲು ಓಟದ ಹಿಂದಿನ ದಿನನೇ ನಾಕು ಸಲ ನಡಿಸಿ ರೂಢಿ ಮಾಡಿಸ್ರಿ.

ಇಲ್ಲಿ ಮ್ಯಾಥ್ಸ್ ಮೇಡಂನ ಕರೀರಿ. ಪಟ್ಟಿ 2 ಮೀಟರ್ ಅಗಲ ಇದ್ರ ಹೊರಗಿನ ಪಟ್ಟಿದಾಗ ಒಂದು ತಿರುವಿಗೆ 2 ಗುಣಿಸು 3.14 ಅಂದ್ರ 6.28 ಮೀಟರ್ ಹೆಚ್ಚಿಗಿ ಓಡಬೇಕು. ಪೂರ್ತಿ ಸುತ್ತು ಓಡಿದ್ರ ಇಬ್ಬರಿಗೂ ಒಂದೊಂದು ಒಳ ತಿರುವು ಒಂದೊಂದು ಹೊರ ತಿರುವು ಬರತೈತಿ, ಲೆಕ್ಕ ಸಮ, ಯಾರನ್ನೂ ಮುಂದ ನಿಂದ್ರಸೂದು ಬ್ಯಾಡ. ಹಿಂದಿನ ಸೀದಾ ಭಾಗದ ಕೊನಿಯಿಂದ ಶುರು ಮಾಡಿ ಒಂದೂವರಿ ಸುತ್ತು ಓಡಿದ್ರ ಮೂರು ತಿರುವು ಬರತಾವ, ಹೊರಗ ಶುರು ಮಾಡಿದಾವಗೆ ಎರಡು ಹೊರ ತಿರುವು ಬಿದ್ದು ಮೋಸ ಆಗತೈತಿ, ಅದಕ್ಕ ಅವನ್ನ 6.28 ಮೀಟರ್ ಮುಂದ ನಿಂದ್ರಸ್ರಿ. 9ನೇ ಕ್ಲಾಸಿನವರಿಗೆ ಹೇಳಿಕೊಡಬ್ಯಾಡ್ರಿ, ಯಾರಿಗೆ ಅನ್ಯಾಯ ಆಗತೈತಿ ಅಂತಷ್ಟ ಕೇಳ್ರಿ, ಅನ್ಯಾಯ ಅಂದಕೂಡ್ಲೇ ಎಲ್ಲಾರೂ ಲೆಕ್ಕ ಮಾಡಾಕ ಕುಂದರ್ತಾರ.

ದೂರ ಎಷ್ಟು? ಶಮೊನಿದಾಗ ನಾಕು ಓಟ, 26ಕ್ಕ 500 ಮತ್ತ 5000, 27ಕ್ಕ 1500 ಮತ್ತ 10000. ಎರಡು ದಿನದಾಗ ಒಟ್ಟು 17 ಕಿಲೋಮೀಟರ್. ಎಲ್ಲಾನೂ ಐದರಿಂದ ಭಾಗ ಮಾಡ್ರಿ: ಮೊದಲ್ನೇ ದಿನ 100 ಮತ್ತ 1000, ಎರಡನೇ ದಿನ 300 ಮತ್ತ 2000. ನಮ್ಮ 200 ಮೀಟರ್ ಸುತ್ತಿಗೆ 1000 ಅಂದ್ರ ಐದು ಸುತ್ತು, 300 ಅಂದ್ರ ಒಂದೂವರಿ, 2000 ಅಂದ್ರ ಹತ್ತು. 100 ಮೀಟರಕ್ಕ ಪಟ್ಟಿ ಬದಲಿ ಬ್ಯಾಡ, ಜಾಗ ಇದ್ದ ಕಡಿ ಸೀದಾ ಓಡ್ಸಿ. 27 ಭಾನುವಾರ ಬಂದ್ರ ಎರಡನೇ ದಿನ 28ಕ್ಕ ಇಟ್ಕೋರಿ.

ನಾನು ಮೊದಲ್ನೇ ವರ್ಷ ಒಂದು ತಪ್ಪು ಮಾಡಿದೆ, ನೀವು ಮಾಡಬ್ಯಾಡ್ರಿ. ದೂರದ ಓಟದಾಗ ಸ್ಕೇಟರ್‌ಗಳು ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು ಬಗ್ಗಿ ಹೋಗ್ತಾರಲ್ಲ, ಹಂಗ ಓಡ್ರಿ ಅಂತ ಹುಡ್ರಿಗೆ ಹೇಳಿದ್ದೆ, ನೋಡಾಕ ಚಂದ ಕಾಣತಿತ್ತು. ಮೂರನೇ ಸುತ್ತಿಗೆ ಒಬ್ಬ ಹುಡುಗ ಎಡವಿದ, ಕೈ ಹಿಂದ ಇದ್ವಲ್ಲ, ನೇರ ಗದ್ದ ನೆಲಕ್ಕ ಬಡೀತು, ಮೂರು ಹೊಲಿಗಿ ಹಾಕಿಸಬೇಕಾತು. ಅವರ ಅವ್ವನ ಮುಂದ ನಿಂತು ಮಾತಾಡೂದು ನನಗ ಭಾಳ ಕಷ್ಟ ಆತು. ಐಸಿನ ಮ್ಯಾಲ ಬಿದ್ರ ಜಾರಿಕೊಂತ ಹೋಗ್ತಾರ, ನೆಲದ ಮ್ಯಾಲ ಬಿದ್ರ ಅಲ್ಲೇ ನಿಲ್ತಾರ, ಪೂರ್ತಿ ಪೆಟ್ಟು ಒಂದೇ ಕಡಿ. ಈಗ ಆ ಭಂಗಿ ಉದ್ಘಾಟನೆದಾಗ ನಡಕೊಂತ ತೋರಸೂದಕ್ಕ ಅಷ್ಟ, ಓಟಕ್ಕ ಕೈ ಬಿಟ್ಟೇ ಓಡಬೇಕು.

ದೇಶ ಹಂಚೂದು ಈ ಆಟದಾಗ ಎಲ್ಲಕ್ಕಿಂತ ಮುಖ್ಯ, ಅವಸರ ಮಾಡಬ್ಯಾಡ್ರಿ. 16 ಚೀಟಿ ಬರೀರಿ: ಆಸ್ಟ್ರಿಯಾ, ಅಮೆರಿಕ, ಇಟಲಿ, ಕೆನಡಾ, ಚೆಕೊಸ್ಲೊವಾಕಿಯಾ, ನಾರ್ವೆ, ಪೋಲೆಂಡ್, ಫಿನ್ಲೆಂಡ್, ಫ್ರಾನ್ಸ್, ಬೆಲ್ಜಿಯಂ, ಬ್ರಿಟನ್, ಯುಗೊಸ್ಲಾವಿಯಾ, ಲಾಟ್ವಿಯಾ, ಸ್ವಿಟ್ಜರ್ಲೆಂಡ್, ಸ್ವೀಡನ್, ಹಂಗೇರಿ. ಎಲ್ಲಾರಿಗೂ ಅಮೆರಿಕ, ಕೆನಡಾ ಬೇಕು. ಕೆನಡಾದವರು ಐಸ್ ಹಾಕಿ ಆಟದಾಗ ಸ್ವಿಟ್ಜರ್ಲೆಂಡಿಗೆ 33 ಗೋಲು ಹೊಡದು ಒಂದೂ ಬಿಟ್ಟುಕೊಡಲಿಲ್ಲ ಅಂತ ಕೇಳಿದ ಮ್ಯಾಲಂತೂ ಮುಗೀತು. ಚೀಟಿ ಎತ್ತಸ್ರಿ, ಬದಲಿ ಮಾಡಾಕ ಬಿಡಬ್ಯಾಡ್ರಿ. ದೊಡ್ಡ ದೇಶಕ್ಕ ಐದಾರು ಹುಡ್ರು, ಲಾಟ್ವಿಯಾಕ್ಕ ಇಬ್ಬರೇ, ಅದು ಹೆಚ್ಚೂ ಆಗಬಾರದು ಕಡಿಮಿನೂ ಆಗಬಾರದು. ಮೊದಲ್ನೇ ವರ್ಷ ಲಾಟ್ವಿಯಾ ಚೀಟಿ ಬಂದ ಹುಡುಗಿ ಅಲ್ಲೇ ಅತ್ತುಬಿಟ್ಲು, ಎಲ್ಲಾರೂ ಗುಂಪಿನಾಗ ಅದಾರ ನಾವು ಇಬ್ಬರೇ ಯಾಕ ಅಂತ. ಅವಾಗಿಂದ ಚೀಟಿ ಎತ್ತೂಕಿಂತ ಮೊದ್ಲ ಈ ಇಬ್ಬರ ಬಗ್ಗೆ ಹೇಳಿಬಿಡ್ತೀನಿ, ಈಗ ಆ ಚೀಟಿಗೆ ಕೈ ಚಾಚ್ತಾರ.

ಯಾರವರು ಅಂದ್ರ, ಒಬ್ಬ ಅಲ್ಬರ್ಟ್ಸ್ ರುಂಬಾ, ಸ್ಪೀಡ್ ಸ್ಕೇಟರ್. ಇನ್ನೊಬ್ಬ ರೋಬರ್ಟ್ಸ್ ಪ್ಲೂಮೆ, ಹಿಮದ ಮ್ಯಾಲ ಸ್ಕೀ ಕಟ್ಟಿಕೊಂಡು ದೂರ ಹೋಗೂ ಕ್ರಾಸ್ ಕಂಟ್ರಿ ಸ್ಕೀಯರ್. ಈ ಪ್ಲೂಮೆ ಅದೇ ವರ್ಷದ ಬ್ಯಾಸಗಿ ಒಲಿಂಪಿಕ್ಸಿಗೆ ಪ್ಯಾರಿಸ್ಸಿಗೆ ಹೋಗಿ ಸೈಕಲ್ ರೇಸಿನಾಗ ಇದ್ದ, 1928ರಾಗ ಆಮ್‌ಸ್ಟರ್‌ಡ್ಯಾಮಿಗೂ ಸೈಕಲ್ ತಗೊಂಡೇ ಹೋದ. ಚಳಿಗಾಲಕ್ಕ ಸ್ಕೀ, ಬ್ಯಾಸಗಿಗೆ ಸೈಕಲ್, ಒಂದೇ ವರ್ಷದಾಗ ಎರಡು ಒಲಿಂಪಿಕ್ಸ್! ನಮ್ಮ ಹುಡ್ರಿಗೆ ಇವನ ಮ್ಯಾಲ ಭಾಳ ಪ್ರೀತಿ, ದಿನಾ ಸೈಕಲ್ ತುಳಕೊಂಡು ಶಾಲಿಗೆ ಬರಾವರಲ್ಲ. ಹೆಸರಿನ ಕೊನಿಗೆ ಸ್ ಬರೂದನ್ನ ಬಿಡಿಸಿ ಹೇಳ್ರಿ, ಲಾಟ್ವಿಯನ್ ಭಾಷಾದಾಗ ಭಾಳಷ್ಟು ಗಂಡಸರ ಹೆಸರು ಹಂಗ ಮುಗೀತಾವ, ಅಲ್ಬರ್ಟ್ ಅಲ್ಲ ಅಲ್ಬರ್ಟ್ಸ್. ಅನೌನ್ಸ್ ಮಾಡೂ ಹುಡುಗ ಹೆಸರು ಸರಿ ಹೇಳೂತನಕ ಮೈಕ್ ಕೊಡಬ್ಯಾಡ್ರಿ. ನಮ್ಮ ಹುಡ್ರ ಹೆಸರನ್ನ ಹೊರಗ ಯಾರರ ತಪ್ಪು ಹೇಳಿದ್ರ ನಮಗ ಹೆಂಗ ಅನಸತೈತಿ?

ಇನ್ನೊಂದು ಪಾತ್ರ ಐತಿ, ಎಸ್ಟೋನಿಯಾ. ಶಮೊನಿ ಉದ್ಘಾಟನೆದಾಗ ಅವರೂ ಇದ್ರು, ಆದ್ರ ಅವರ ಒಬ್ಬನೇ ಆಟಗಾರ ಕ್ರಿಸ್ಟ್‌ಫ್ರೀಡ್ ಬುರ್ಮೈಸ್ಟರ್ ಓಡಲಿಲ್ಲ. ನಾಕು ವರ್ಷ ಆದ ಮ್ಯಾಲ 1928ರಾಗ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜಿಗೆ ಬಂದು ಓಡಿದ. ಪ್ರತಿ ಕ್ಲಾಸಿನಾಗೂ ಜ್ವರ ಬಂದು, ಕಾಲು ಉಳುಕಿ, ಮನಿಯಾಗ ಬ್ಯಾಡ ಅಂದು ಓಡಾಕ ಆಗದ ಒಂದು ಮಗು ಇರತೈತಿ, ಎಸ್ಟೋನಿಯಾ ಬಾವುಟ ಅದಕ್ಕ ಕೊಡ್ರಿ, ಮೆರವಣಿಗೆದಾಗ ನಡೀಲಿ, ಆಮ್ಯಾಲ ಸ್ಟಾಪ್‌ವಾಚ್ ಹಿಡೀಲಿ.

ಹೆಣ್ಮಕ್ಕಳನ್ನ ಓಡಸ್ಬೇಕೋ ಬ್ಯಾಡೋ ಅಂತ ಒಬ್ಬ ಸರ್ ಕೇಳಿದ್ರು, ಯಾಕಂದ್ರ 1924ರಾಗ ಹೆಣ್ಮಕ್ಕಳಿಗೆ ಇದ್ದದ್ದು ಐಸಿನ ಮ್ಯಾಲ ಕುಣಿದು ತೋರಸೂ ಫಿಗರ್ ಸ್ಕೇಟಿಂಗ್ ಒಂದೇ, ಸ್ಪೀಡ್ ಸ್ಕೇಟಿಂಗಿನಾಗ ಅವರಿಗೆ ಮೆಡಲ್ ಬಂದದ್ದು 1960ಕ್ಕ. ಓಡಸ್ರಿ. ಇತಿಹಾಸ ತೋರಸಾಕ ಹೋಗಿ ಹಳೇ ತಪ್ಪನ್ನ ಮತ್ತ ಆಡಿಸೂದು ನನಗ ಒಪ್ಪಿಗಿ ಇಲ್ಲ. ಆದ್ರ ಆವಾಗ ಹಿಂಗಿತ್ತು ಅಂತ ಹೇಳ್ರಿ. ನಾರ್ವೆಯ ಸೋನ್ಯಾ ಹೆನಿ ಶಮೊನಿಗೆ ಬಂದಾಗ 11 ವರ್ಷದಾಕಿ, ಎಂಟು ಮಂದಿದಾಗ ಎಂಟನೇ ನಂಬರ್, ಆಮ್ಯಾಲ 1928, 1932, 1936 ಮೂರೂ ಸಲ ಗೋಲ್ಡ್ ತಗೊಂಡ್ಲು ಅಂತನೂ ಹೇಳ್ರಿ, ಆರನೇ ಕ್ಲಾಸಿನ ಹುಡುಗಿಯರ ಕಣ್ಣು ನೋಡ್ರಿ ಆವಾಗ.

ಬಾವುಟ ಹುಡ್ರೇ ಮಾಡ್ಲಿ. ಲಾಟ್ವಿಯಾದ್ದು ಭಾಳ ಸಸಾರ, ಕಡುಗೆಂಪು, ನಡುವ ಸಣ್ಣ ಬಿಳಿ ಪಟ್ಟಿ, ಅಳತಿ 2:1:2. 50 ಸೆಂಟಿಮೀಟರ್ ಎತ್ತರ ಇದ್ರ 20 ಕೆಂಪು, 10 ಬಿಳಿ, 20 ಕೆಂಪು. ಮನಿಯಾಗ ಉಡಿ ತುಂಬಿದ ಜಂಪರ್ ಪೀಸು ಇರತಾವಲ್ಲ, ಮರೂನ್ ಬಣ್ಣದ್ದು ಒಂದು ಕೇಳಿ ತರ್ರಿ, ತೀರಾ ಕುಂಕುಮದ ಕೆಂಪು ಬ್ಯಾಡ, ಅದಕ್ಕಿಂತ ಗಾಢ ಇರಬೇಕು. ಮೆರವಣಿಗೆದಾಗ ಕನ್ನಡ ಅಕ್ಷರದ ಕ್ರಮದಾಗ ಬರ್ಲಿ.

ಟೈಮ್ ಹಿಡಿಯೂದು. ಫೋನಿನ ಸ್ಟಾಪ್‌ವಾಚ್ ಸಾಕು, ಒಬ್ಬೊಬ್ಬ ಓಟಗಾರಗೆ ಇಬ್ಬರು ಹಿಡೀಲಿ. ಶಮೊನಿಯ ಟೈಮುಗಳನ್ನ ಬೋರ್ಡ್ ಮ್ಯಾಲ ಬರೀರಿ: 500ಕ್ಕ 44.0, 44.2, 44.8. 1500ಕ್ಕ ಗೆದ್ದಾವ ಫಿನ್ಲೆಂಡಿನ ಕ್ಲಾಸ್ ಥುನ್‌ಬರ್ಗ್ 2 ನಿಮಿಷ 20.8. 5000ಕ್ಕೂ ಅವನೇ, 8 ನಿಮಿಷ 39.0. 10000ಕ್ಕ ಫಿನ್ಲೆಂಡಿನವನೇ ಯೂಲಿಯಸ್ ಸ್ಕುಟ್ನಾಬ್ 18 ನಿಮಿಷ 4.8, ಥುನ್‌ಬರ್ಗ್ 18 ನಿಮಿಷ 7.8, ಹದಿನೆಂಟು ನಿಮಿಷ ಓಡಿ ಮೂರು ಸೆಕೆಂಡಿನ ಅಂತರ. ಈಗ ಪಾಯಿಂಟಿನ ನಂತರದ ಅಂಕಿ ನೋಡ್ರಿ ಅಂತ ಹೇಳ್ರಿ. 0, 2, 8, 8, 0, 8, 8. ಎಲ್ಲಾ ಸರಿಸಂಖ್ಯೆ. ಆವಾಗಿನ ಕೈಯಾಗ ಹಿಡಿಯೂ ಸ್ಟಾಪ್‌ವಾಚ್‌ಗಳು ಸೆಕೆಂಡನ್ನ ಐದು ಭಾಗ ಮಾಡಿ ತೋರಸ್ತಿದ್ವು, 0.2ರ ಲೆಕ್ಕ. ನೀವೂ ಫೋನಿನ ಟೈಮನ್ನ ಹತ್ತಿರದ 0.2ಕ್ಕ ತಂದು ಬರೀರಿ. ಹಿಂಗ ಮಾಡಿದ್ರ ಟೈ ಜಾಸ್ತಿ ಆಗತಾವ, ಅದು ಬೇಕು ನಮಗ, ಯಾಕ ಅಂತ ಮುಂದ ಬರತೈತಿ.

ಪಾಯಿಂಟ್ ಲೆಕ್ಕಕ್ಕ ಬಂದ್ವಿ, ನನಗ ಈ ಆಟದಾಗ ಎಲ್ಲಕ್ಕಿಂತ ಇಷ್ಟದ್ದು ಇದು, ಸ್ವಲ್ಪ ಉದ್ದ ಆದ್ರೂ ಓದ್ರಿ. ನಾಕು ಓಟಕ್ಕ ನಾಕು ಮೆಡಲ್ ಅಲ್ದ ಆಲ್‌ರೌಂಡ್ ಅಂತ ಐದನೇದೊಂದಿತ್ತು. ನಾಕೂ ಓಟ ಮುಗಿಸಿದವರನ್ನ ಅಷ್ಟ ತಗೊಂಡು, ಅವರವರ ನಡುವ ಪ್ರತಿ ಓಟಕ್ಕ ನಂಬರ್ ಕೊಟ್ಟು, ಆ ನಾಕು ನಂಬರ್ ಕೂಡಸೂದು, ಕಡಿಮಿ ಬಂದಾವ ಗೆದ್ದಂಗ. ಮುಗಿಸಿದವರು ಎಂಟೇ ಮಂದಿ. ಥುನ್‌ಬರ್ಗ್ 5.5, ನಾರ್ವೆಯ ರೋಲ್ಡ್ ಲಾರ್ಸೆನ್ 9.5, ಸ್ಕುಟ್ನಾಬ್ 11, ನಾರ್ವೆಯವರೇ ಸ್ಟ್ರೋಮ್ ಮತ್ತ ಮೋಯೆನ್ ಇಬ್ಬರಿಗೂ 17, ಫ್ರಾನ್ಸಿನ ಲಿಯೋನ್ ಕ್ವಾಲಿಯಾ 25, ನಮ್ಮ ರುಂಬಾ 27, ಪೋಲೆಂಡಿನ ಲಿಯೋನ್ ಯುಟ್ಸೆವಿಚ್ 32. ಇಷ್ಟು ಬೋರ್ಡ್ ಮ್ಯಾಲ ಬರದು ಚಾಕ್ ಕೆಳಗಿಡ್ರಿ.

ಮೊದಲ್ನೇ ಪ್ರಶ್ನೆ: ಥುನ್‌ಬರ್ಗ್ 500ರಾಗ ಮೂರನೇವ, ಲಾರ್ಸೆನ್ ಕೂಡ ಟೈ, ಇಬ್ಬರದೂ 44.8. ಆದ್ರ ಅವನ ಒಟ್ಟು 5.5 ಹೆಂಗ ಬಂತು? 1500ಕ್ಕ 1, 5000ಕ್ಕ 1, 10000ಕ್ಕ 2, ಒಟ್ಟು 4, ಅಂದ್ರ 500ಕ್ಕ 1.5 ಉಳೀತು. ಅವನಿಗಿಂತ ಮುಂದಿದ್ದ ಜೂಟ್ರಾ ಮತ್ತ 44.2ಕ್ಕ ಎರಡನೇದು ಬಂದ ನಾರ್ವೆಯ ಓಲ್ಸೆನ್ ಆ ಎಂಟು ಮಂದಿದಾಗ ಇಲ್ಲ, ಅವರನ್ನ ತಗದ್ರ ಥುನ್‌ಬರ್ಗ್ ಲಾರ್ಸೆನ್ ಇಬ್ಬರೂ ಒಂದನೇ ಎರಡನೇ ಜಾಗ ಹಂಚಿಕೊಂಡ್ರು, ಒಂದೂವರಿ ಒಂದೂವರಿ. ಮೊದಲ್ನೇ ಗೋಲ್ಡ್ ಗೆದ್ದಾವ ಈ ಪಟ್ಟಿದಾಗ ಇಲ್ಲ, ರುಂಬಾ ಇದ್ದಾನ. ಇದನ್ನ ನೀವು ಹೇಳಬ್ಯಾಡ್ರಿ, ಅವರೇ ಕಂಡು ಹಿಡೀಲಿ.

ಎರಡನೇ ಪ್ರಶ್ನೆ: ಯುಟ್ಸೆವಿಚ್‌ಗೆ 32 ಬಂದಿದ್ದು ಹೆಂಗ? ಎಂಟು ಮಂದಿದಾಗ ಕೊನಿ ನಂಬರ್ ಎಂಟು, ನಾಕು ಎಂಟಲೆ ಮೂವತ್ತೆರಡು, ನಾಕೂ ಓಟದಾಗ ಎಂಟನೇವ, ಆದ್ರೂ ನಾಕೂ ಮುಗಿಸಿದ. ಸರಿ, ಎಂಟನೇ ಜಾಗ ಪೂರ್ತಿ ಅವನದು. ಈಗ ಕ್ವಾಲಿಯಾ 25, ರುಂಬಾ 27, ಕೂಡಿದ್ರ 52. ಒಂದು ಓಟಕ್ಕ 13. ಎಂಟು ಹೋದ ಮ್ಯಾಲ ಉಳಿದದ್ರಾಗ ದೊಡ್ಡ ನಂಬರ್ ಏಳು ಮತ್ತ ಆರು, ಅವೆರಡೂ ಕೂಡಿದ್ರ 13. ಅಂದ್ರ ನಾಕೂ ಓಟದಾಗ ಆರನೇ ಏಳನೇ ಜಾಗ ಈ ಇಬ್ಬರ ನಡುವನೇ. ರುಂಬಾಗ 27 ಆಗಬೇಕಂದ್ರ ಮೂರು ಸಲ ಏಳು, ಒಂದು ಸಲ ಆರು. ಒಂದು ಓಟದಾಗ ಲಾಟ್ವಿಯಾದ ಒಬ್ಬನೇ ಸ್ಕೇಟರ್ ಫ್ರಾನ್ಸಿನವನನ್ನ ಫ್ರಾನ್ಸಿನ ಐಸಿನ ಮ್ಯಾಲೇ ಹಿಂದ ಹಾಕ್ಯಾನ! ಬರೇ ಒಟ್ಟು ಅಂಕಿಯಿಂದ ಇದು ಹೊರಗ ಬರತೈತಿ. ಮೊದಲ್ನೇ ಸಲ ಇದನ್ನ ಕಂಡಾಗ ನಾನು ರಾತ್ರಿ ಹನ್ನೊಂದಕ್ಕ ಎದ್ದು ಮನಿಯವರನ್ನ ಎಬ್ಬಿಸಿ ಹೇಳಿದ್ದೆ.

ಆದ್ರ ಹೋದ ವರ್ಷ 9ನೇ ಕ್ಲಾಸಿನ ಒಬ್ಬಾಕಿ ಎದ್ದು ನಿಂತು, ಸರ್ ಎರಡು ಓಟದಾಗ ಟೈ ಆಗಿದ್ರ ಇಬ್ಬರಿಗೂ ಆರೂವರಿ ಆರೂವರಿ ಬಂದು, ಉಳಿದ ಎರಡರಾಗ ಕ್ವಾಲಿಯಾ ಗೆದ್ರೂ 25, 27 ಬರತೈತಲ್ರಿ ಅಂದ್ಲು. ಬರತೈತಿ. 6.5 ಎರಡು ಸಲ 13, ಏಳು ಎರಡು ಸಲ 14, ಒಟ್ಟು 27, ಖರೇ. ಹಂಗಂದ್ರೂ ಎರಡು ಓಟದಾಗ ರುಂಬಾ ಅವನ ಸಮ ಬಂದಂಗ ಆತು. ಟೈಯನ್ನ ನಿಮ್ಮ ಆಟದಾಗ ಬರೂಹಂಗ ಇಟ್ಕೋರಿ ಅಂದದ್ದು ಇದಕ್ಕ, ಆರೂವರಿ ಅಂದ್ರೇನು ಅಂತ ಸ್ವಂತ ಓಟದಾಗ ಬಂದವರಿಗೆ ಈ ಪ್ರಶ್ನೆ ತಾನೇ ಹೊಳೀತೈತಿ.

ಅಂಕಿ ಬರಿಯೂ ಹುಡ್ರಿಗೆ ಒಂದು ಪರೀಕ್ಷೆ ಕಲಿಸ್ರಿ. ಎಂಟು ಮಂದಿ ಇದ್ರ ಒಂದು ಓಟದ ನಂಬರ್ ಎಲ್ಲಾ ಕೂಡಿದ್ರ 36, ಟೈ ಆದ್ರೂ ಅಷ್ಟೇ, ನಾಕು ಓಟಕ್ಕ 144. ಶಮೊನಿ ಪಟ್ಟಿ ಕೂಡಿಸಿ ನೋಡ್ರಿ, 5.5, 9.5, 11, 17, 17, 25, 27, 32, ಬರೋಬ್ಬರಿ 144. ನಿಮ್ಮ ಪಟ್ಟಿ ಹಂಗ ಕೂಡದಿದ್ರ ಎಲ್ಲೋ ತಪ್ಪೈತಿ, ಬಹುಮಾನ ಕೊಡೂಕಿಂತ ಮೊದ್ಲ ಹುಡುಕ್ರಿ. ಯಾಕ ಇಷ್ಟು ಹೇಳಾಕತ್ತೀನಿ ಅಂದ್ರ ಅದೇ ಶಮೊನಿದಾಗ ಸ್ಕೀ ಜಂಪಿನ ಅಂಕಿ ಕೂಡಿಸೂವಾಗ ತಪ್ಪಾಗಿ, ಅಮೆರಿಕದ ಆಂಡರ್ಸ್ ಹೌಗೆನ್‌ಗೆ ಬರಬೇಕಾದ ಬ್ರಾಂಜ್ ನಾರ್ವೆಯ ಥೋರ್ಲೀಫ್ ಹೌಗ್‌ಗೆ ಹೋಗಿತ್ತು. ಸರಿ ಆದದ್ದು 1974ಕ್ಕ, 50 ವರ್ಷ ಆದ ಮ್ಯಾಲ, ಹೌಗ್ ಸತ್ತು ಎಷ್ಟೋ ವರ್ಷ ಆಗಿತ್ತು, ಅವನ ಮಗಳು ಆ ಮೆಡಲನ್ನ ಮುದುಕ ಆಗಿದ್ದ ಹೌಗೆನ್ ಕೈಯಾಗ ಕೊಟ್ಲು. ಕೂಡೂ ಲೆಕ್ಕ ಎರಡು ಸಲ ಮಾಡ್ರಿ.

ಬಿಸಿಲಿನ ಮಾತು. ಗವಿಮಠದ ಜಾತ್ರಿ ದಿನಗಳಾಗ ಮುಂಜಾನಿ ಚಳಿ ಇರತೈತಿ ಖರೇ, ಆದ್ರ ಹನ್ನೊಂದು ದಾಟಿತಂದ್ರ ನಮ್ಮ ಕಡಿ ಜನವರಿನೂ ಸುಡತೈತಿ. ಮೊದಲ್ನೇ ದಿನ ಧ್ವಜ ಬಿಸಿಲು ಏರೂಕಿಂತ ಮೊದ್ಲೇ ಹಾರಿಸಿ ಹತ್ತರೊಳಗ 1000 ಮುಗಿಸ್ರಿ. ಎರಡನೇ ದಿನ ಏಳಕ್ಕ ಶುರು ಮಾಡ್ರಿ. ನಿಂಬಿಹಣ್ಣಿನ ಶರಬತ್ತಿಗೆ ಉಪ್ಪು ಸಕ್ರಿ ಎರಡೂ ಹಾಕಿ ಇಡ್ರಿ, ಬೆಲ್ಲ ಶೇಂಗಾ ಇಡ್ರಿ, ಓಟಕ್ಕಿಂತ ಮೊದ್ಲ ಮಿರ್ಚಿ ಮಂಡಕ್ಕಿ ತಿನ್ನಾಕ ಬಿಡಬ್ಯಾಡ್ರಿ. ಬಿಸಿಲು ಏರಿದ್ರ 2000 ಮುಂದೂಡ್ರಿ, ಇಲ್ಲಾ ರದ್ದು ಮಾಡ್ರಿ, ಹುಡ್ರು ಜಗಳ ಮಾಡಿದ್ರ 1928ರದ್ದು ಹೇಳ್ರಿ: ಸೇಂಟ್ ಮೊರಿಟ್ಜಿನಾಗ ಬಿಸಿಗಾಳಿ ಬೀಸಿ ಐಸು ಕರಗಿ, 10000 ಮೀಟರ್ ಅರ್ಧಕ್ಕ ನಿಲ್ಲಿಸಿ ರದ್ದು ಮಾಡಿದ್ರು, ಆವಾಗ ಮುಂದಿದ್ದ ಅಮೆರಿಕದ ಅರ್ವಿಂಗ್ ಜಾಫಿಗೆ ಮೆಡಲ್ ಸಿಗಲಿಲ್ಲ. ಹಿಮದ ದೇಶದಾಗೇ ಬಿಸಿಲಿಗೆ ಓಟ ನಿಂತೈತಿ, ಕೊಪ್ಪಳದಾಗ ನಿಲ್ಲಿಸೂದು ತಪ್ಪಲ್ಲ. ಆ ಸೇಂಟ್ ಮೊರಿಟ್ಜಿಗೂ ಲಾಟ್ವಿಯಾದಿಂದ ರುಂಬಾ ಬಂದಿದ್ದ.

ಹುಡ್ರು ಕೇಳೇ ಕೇಳ್ತಾವ, ನಮ್ಮ ಇಂಡಿಯಾ ಎಲ್ಲೈತಿ ಸರ್ ಅಂತ. ತಯಾರಾಗಿರ್ರಿ. ವಿಂಟರ್ ಒಲಿಂಪಿಕ್ಸಿಗೆ ನಾವು ಮೊದ್ಲ ಹೋದದ್ದು 1964ಕ್ಕ, ಇನ್ಸ್‌ಬ್ರಕ್ಕಿಗೆ, ಜೆರೆಮಿ ಬುಯಕೋವ್‌ಸ್ಕಿ ಅನ್ನೂ ಸ್ಕೀಯರ್, ಒಬ್ಬನೇ. 1998ಕ್ಕ ನಾಗಾನೋದಾಗ ಮನಾಲಿ ಕಡಿಯ ಶಿವ ಕೇಶವನ್, 16 ವರ್ಷದ ಹುಡುಗ, ಲೂಜ್ ಅನ್ನೂ ಜಾರು ಗಾಡಿ ಆಟ, ಒಬ್ಬನೇ, 28ನೇ ನಂಬರ್, ಅಲ್ಲಿಂದ 2018ರ ತನಕ ಆರು ಒಲಿಂಪಿಕ್ಸ್. 2022ಕ್ಕ ಬೀಜಿಂಗಿನಾಗ ಕಾಶ್ಮೀರದ ಆರಿಫ್ ಖಾನ್, ಒಬ್ಬನೇ, ಜೈಂಟ್ ಸ್ಲಾಲಂ ಅನ್ನೂ ಗುಡ್ಡ ಇಳಿಯೂ ಸ್ಕೀ ರೇಸಿನಾಗ 45ನೇ ನಂಬರ್. ನೂರಾ ಮೂವತ್ತು ಕೋಟಿ ದಾಟಿದ ದೇಶನೂ 2022ರ ಚಳಿಗಾಲದ ಆಟಕ್ಕ ಕಳಿಸಿದ್ದು ಒಬ್ಬನ ಟೀಮೇ. ಇದನ್ನ ಕೇಳಿದ ಮ್ಯಾಲ ಲಾಟ್ವಿಯಾ ಚೀಟಿಗೆ ನಮ್ಮ ಶಾಲಿದಾಗ ಜಗಳ ಶುರು ಆತು.

ಲಾಟ್ವಿಯಾ ಕಥಿ ಮುಂದ ಏನಾತು ಅಂತ 10ನೇ ಕ್ಲಾಸಿನವರು ಹುಡುಕಿ ಬರೀಲಿ, ಇತಿಹಾಸದ ಪಾಠಕ್ಕೂ ಆತು. 1936ರ ತನಕ ತಮ್ಮ ಬಾವುಟದ ಕೆಳಗ ಬಂದ್ರು, 1940ಕ್ಕ ಸೋವಿಯತ್ ಸೈನ್ಯ ಒಳಗ ಬಂತು, ಆಮ್ಯಾಲ ಅವರ ಆಟಗಾರರು ಸೋವಿಯತ್ ಟೀಮಿನಾಗ. ವಿಂಟರ್ ಒಲಿಂಪಿಕ್ಸಿಗೆ ಆ ಕಡುಗೆಂಪು ಬಿಳಿ ಬಾವುಟ ಮತ್ತ ಬಂದದ್ದು 1992ಕ್ಕ, ಅದೂ ಫ್ರಾನ್ಸಿನ ಆಲ್ಪ್ಸಿಗೇ, ಆಲ್ಬರ್ಟ್‌ವಿಲ್ ಅನ್ನೂ ಊರಿಗೆ. ಮೊದಲ್ನೇ ವಿಂಟರ್ ಮೆಡಲ್ 2006ಕ್ಕ ಟುರಿನ್ನಿನಾಗ, ಲೂಜಿನಾಗ ಮಾರ್ಟಿನ್ಸ್ ರುಬೆನಿಸ್‌ಗೆ ಬ್ರಾಂಜ್. ರುಂಬಾನ ಏಳನೇ ನಂಬರಿಂದ 82 ವರ್ಷ.

ಬಹುಮಾನಕ್ಕ ಕಪ್ಪು ತರಬ್ಯಾಡ್ರಿ, ಕಿನ್ನಾಳ ನಮ್ಮ ಪಕ್ಕದಾಗೇ ಐತಿ, ಅಲ್ಲಿಯ ಕಟ್ಟಿಗಿ ಗೊಂಬಿ ಸಣ್ಣವು ತಗೊಂಡ್ರ ಗೆದ್ದ ಮಗು ಮನಿಯಾಗ ಇಟ್ಕೊಂತೈತಿ. ಹೆಸರು ಓದೂವಾಗ ಕೆಳಗಿಂದ ಮ್ಯಾಲ ಹೋಗ್ರಿ, ನಾಕೂ ಓಟ ಮುಗಿಸಿದವರಾಗ ಕೊನಿಯವನ ಹೆಸರು ಮೊದ್ಲ, ಅವನ ನಾಕು ಟೈಮೂ ಓದ್ರಿ, ಒಂದನೇದಕ್ಕ ಬರೂತನಕ ಚಪ್ಪಾಳಿ ದಣೀಬಾರದು ಅಂದ್ರ ಓದೂದು ಸ್ವಲ್ಪ ಬಿರುಸು ಇರ್ಲಿ. ಪಟ್ಟಿಯನ್ನ ದೊಡ್ಡ ಹಾಳಿ ಮ್ಯಾಲ ಬರದು ಶಾಲಿ ವರಾಂಡದಾಗ ಹಚ್ರಿ, ಒಟ್ಟು ಅಂಕಿ ಅಷ್ಟ ಅಲ್ಲ, ನಾಕೂ ಓಟದ ನಂಬರ್ ಬ್ಯಾರೆ ಬ್ಯಾರೆ ಕಾಣೂಹಂಗ. ಎಸ್ಟೋನಿಯಾ ಬಾವುಟ ಹಿಡಿದ ಮಗುವಿನ ಹೆಸರೂ ಕೆಳಗ ಬರೀರಿ, ಅದರ ಮುಂದ ನಂಬರ್ ಇಲ್ಲ, ಮುಂದಿನ ವರ್ಷ ಓಡತೈತಿ ಅಂತ ಅಷ್ಟ.